ಬಾನೆಟ್ ಎತ್ತಿದ ಮೇಲೆ: ಹಳೆ ಕಾರಿನ ಎಂಜಿನ್ ಬಣ್ಣ ಕಂಪನಿದಾ, ಗ್ಯಾರೇಜಿಂದಾ?

ಹುಬ್ಬಳ್ಳಿ-ಧಾರವಾಡ ಕಡೆ ಹಳೆ ಅಂಬಾಸಿಡರ್, ಫಿಯಟ್, ಜೀಪು ಮಾರುವವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ. "ಎಂಜಿನ್ ಕಂಪನಿದ ಐತ್ರಿ ಸರ್, ಒಂದ್ ಬೋಲ್ಟ್ ಸುದ್ದಾ ಬಿಚ್ಚಿಲ್ಲ." ಬಾನೆಟ್ ಎತ್ತಿದರೆ ಒಳಗೆ ಎಂಜಿನ್ ಫಳಫಳ ಅನ್ನುತ್ತಿರುತ್ತದೆ. ಐವತ್ತು ವರ್ಷ ಬಿಸಿ, ಎಣ್ಣೆ, ಧೂಳು ಕಂಡ ಎಂಜಿನ್ ಹಾಗೆ ಹೊಳೆಯುವುದಿಲ್ಲ. ಹೊಳೆಯುತ್ತಿದ್ದರೆ ಯಾರೋ ಇತ್ತೀಚೆಗೆ ಬಣ್ಣ ಹೊಡೆಸಿದ್ದಾರೆ ಎಂದೇ ಅರ್ಥ. ಹಾಗೆ ಹೊಡೆಸುವುದು ತಪ್ಪೇನಲ್ಲ. ಆದರೆ ಅದನ್ನೇ ಕಂಪನಿ ಬಣ್ಣ ಎಂದು ಹೇಳಿ ಒಂದು ಲಕ್ಷ ಜಾಸ್ತಿ ಕೇಳಿದರೆ ನಾವು ನೋಡಿ ಕೊಡಬೇಕು ಅಲ್ವಾ?

ಮೊದಲು ಒಂದು ವಿಷಯ ತಲೆಯಲ್ಲಿ ಇರಲಿ. ‘ಒರಿಜಿನಲ್’ ಅಂತ ನಮ್ಮಲ್ಲಿ ಮೂರು ಬೇರೆ ಬೇರೆ ವಸ್ತುಗಳಿಗೆ ಹೇಳುತ್ತಾರೆ. ಆ ಕಾರಿನ ಜೊತೆಗೇ ಕಾರ್ಖಾನೆಯಿಂದ ಬಂದ ಭಾಗ ಒಂದು. ಅದೇ ಕಾಲದ, ಅದೇ ತಯಾರಕರ ಬಿಡಿಭಾಗವನ್ನು ಆಮೇಲೆ ಹಾಕಿದ್ದು ಇನ್ನೊಂದು. ನೋಡಲು ಅದರಂತೆಯೇ ಇರುವ ಹೊಸ ನಕಲು ಮೂರನೆಯದು. ಮೊದಲನೆಯದಕ್ಕೆ ಬೆಲೆ ಇದೆ, ಎರಡನೆಯದಕ್ಕೂ ಮರ್ಯಾದೆ ಇದೆ. ಮೂರನೆಯದನ್ನು ಮೊದಲನೆಯದರ ಬೆಲೆಗೆ ಕೊಳ್ಳಬಾರದು, ಅಷ್ಟೇ.

ಹೋಗುವ ಮುಂಚೆ

ಮಾರುವವರಿಗೆ ಫೋನಿನಲ್ಲೇ ಹೇಳಿಬಿಡಿ: ಎಂಜಿನ್ ತೊಳೆಯಬೇಡಿ, ಹೆಂಗಿದೆಯೋ ಹಂಗೇ ಇರಲಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ನೀರು ಬಿದ್ದರೆ ಅರ್ಧ ಸಾಕ್ಷಿ ಚರಂಡಿಗೆ ಹೋಗುತ್ತದೆ. ಆರ್‌ಸಿಯ ಫೋಟೋ ತರಿಸಿಕೊಳ್ಳಿ. ತಯಾರಿ ವರ್ಷ, ಎಂಜಿನ್ ನಂಬರ್, ಚಾಸಿ ನಂಬರ್, ಇಂಧನ, ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೆಎ 25, ಕೆಎ 63 ನಂಬರಿನ ಕಾರು ಅಂದ ಮಾತ್ರಕ್ಕೆ ಅದು ಮೊದಲಿಂದ ಈ ಊರಿನದು ಅಂತಲ್ಲ. ಹಳೆ ಕಾರುಗಳು ಮೈಸೂರು ರಾಜ್ಯದ ‘ಎಂವೈ’ ನಂಬರಿನ ಕಾಲದಿಂದ ಎಷ್ಟೋ ಊರು ಸುತ್ತಿ ಬಂದಿರುತ್ತವೆ.

ಜೊತೆಗೆ ಒಂದು ಒಳ್ಳೆ ಟಾರ್ಚ್, ಸಣ್ಣ ಕನ್ನಡಿ, ಅಯಸ್ಕಾಂತ, ಹತ್ತಿ, ಬಾಟಲಿಯಲ್ಲಿ ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ಸ್ವಲ್ಪ ಥಿನ್ನರ್, ಹಳೆ ಹಲ್ಲುಜ್ಜುವ ಬ್ರಷ್, ತೆಳು ಕಾಗದ, ಪೆನ್ಸಿಲ್ ಇರಲಿ. ಮಿಸ್ತ್ರಿಯನ್ನು ಕರೆದೊಯ್ದರೆ ಒಳ್ಳೆಯದೇ. ಆದರೆ ಮಿಸ್ತ್ರಿ ಎಂಜಿನ್ನಿನ ಸದ್ದು ಕೇಳುತ್ತಾರೆ, ಹೊಗೆ ನೋಡುತ್ತಾರೆ. ಬಣ್ಣ ನೋಡುವ ಕೆಲಸ ನೀವೇ ಮಾಡಬೇಕು.

ಬಣ್ಣ ಎಲ್ಲಿ ಇರಬಾರದು ಎಂದು ಹುಡುಕಿ

ಎಂಜಿನ್ ತಣ್ಣಗಿರುವಾಗ ನೋಡಿ. ಸುಮ್ನೆ ಕೈ ಕಟ್ಟಿಕೊಂಡು ಐದು ನಿಮಿಷ ನೋಡಿ. ಎಲ್ಲರೂ ಬಣ್ಣ ಯಾವುದು ಎಂದು ನೋಡುತ್ತಾರೆ. ಅದಕ್ಕಿಂತ, ಬಣ್ಣ ಎಲ್ಲೆಲ್ಲಿ ಬಿದ್ದಿದೆ ಎಂದು ನೋಡಿದರೆ ಬೇಗ ತಿಳಿಯುತ್ತದೆ.

ಕಾರಣ ಸರಳ. ಕಾರ್ಖಾನೆಯಲ್ಲಿ ಎಂಜಿನ್ನಿಗೆ ಬಣ್ಣ ಹೊಡೆಯುವುದು ಅದು ಕಾರಿನೊಳಗೆ ಕೂರುವ ಮುಂಚೆ. ಬ್ಲಾಕು (ಎಂಜಿನ್ನಿನ ಮುಖ್ಯ ಎರಕ), ಹೆಡ್ಡು (ಅದರ ಮೇಲೆ ಕೂರುವ ಭಾಗ), ಚೇಂಬರ್ (ಕೆಳಗಿನ ಎಣ್ಣೆ ತಟ್ಟೆ) ಜೋಡಿಸಿ ಬಣ್ಣ ಹೊಡೆದ ಮೇಲೆ ಸಾಮಾನ್ಯವಾಗಿ ಕಾರ್ಬರೇಟರ್, ಡೈನಮೋ, ಸೆಲ್ಫ್, ಡಿಸ್ಟ್ರಿಬ್ಯೂಟರ್, ಪ್ಲಗ್ಗು, ವೈರು, ಹೋಸು ಬರುತ್ತವೆ. ಆಮೇಲೆ ಬಂದ ವಸ್ತುವಿನ ಮೇಲೆ ಎಂಜಿನ್ ಬಣ್ಣ ಇರಲು ದಾರಿಯೇ ಇಲ್ಲ. ಗ್ಯಾರೇಜಿನಲ್ಲಿ ಹಾಗಲ್ಲ. ಎಂಜಿನ್ ಕಾರಿನಲ್ಲೇ ಇರುತ್ತದೆ, ಪೇಂಟರ್ ಮೇಲಿನಿಂದ ಗನ್ ಹಿಡಿಯುತ್ತಾನೆ, ಇಲ್ಲವೇ ಬ್ರಷ್ಷಿನಲ್ಲಿ ಬಳಿಯುತ್ತಾನೆ. ಆಗ ಹೋಸಿನ ತುದಿ, ಕ್ಲಿಪ್ಪಿನ ತಿರುಪು, ಪ್ಲಗ್ಗಿನ ಬಿಳಿ ಪಿಂಗಾಣಿ, ವೈರಿನ ಹೊದಿಕೆ, ಫ್ಯಾನ್ ಬೆಲ್ಟಿನ ಅಂಚು, ಎಲ್ಲೋ ಒಂದು ಕಡೆ ಚುಕ್ಕೆ ಬಿದ್ದೇ ಬೀಳುತ್ತದೆ. ಅದನ್ನು ಹುಡುಕಿ.

ಎರಡು ಭಾಗಗಳ ನಡುವೆ ಕೂರುವ ಪ್ಯಾಕಿಂಗಿನ ಅಂಚು ನೋಡುವುದಂತೂ ಬಹಳ ಉಪಯೋಗ. ಎಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರಿನ ಕೆಳಗೆ ಕಾರ್ಕ್ ಪ್ಯಾಕಿಂಗ್ ಇರುತ್ತದೆ. ಇದನ್ನು ಟ್ಯಾಪೆಟ್ ಸೆಟ್ ಮಾಡುವಾಗಲೆಲ್ಲ ಬಿಚ್ಚುತ್ತಾರೆ, ಬದಲಿಸುತ್ತಾರೆ. ಹಾಗಾಗಿ ಆ ಕಾರ್ಕಿನ ಮೇಲೆ ಬಣ್ಣ ಇದ್ದರೆ ಆ ಬಣ್ಣ ಕೊನೆಯ ರಿಪೇರಿಯ ನಂತರದ್ದು. ಹೆಡ್ ಪ್ಯಾಕಿಂಗ್ ಕತೆ ಉಲ್ಟಾ. ಬ್ಲಾಕಿನ ಬಣ್ಣ, ಪ್ಯಾಕಿಂಗಿನ ತಾಮ್ರದ ಅಂಚು, ಹೆಡ್ಡಿನ ಬಣ್ಣ ಮೂರೂ ಒಂದೇ ಹಳೇ ಪದರದಲ್ಲಿ ಮುಚ್ಚಿಕೊಂಡಿದ್ದರೆ ಹೆಡ್ ಬಿಚ್ಚಿಲ್ಲದ ಎಂಜಿನ್ ಸಿಕ್ಕಿರಬಹುದು. ಇದು ಅಪರೂಪ. ಅಂಚು ಬೋಳಾಗಿ ಹೊಳೆಯುತ್ತಿದ್ದರೆ ಹೆಡ್ ಒಮ್ಮೆಯಾದರೂ ಬಿಚ್ಚಿದ್ದಾರೆ. ಬಿಚ್ಚಲಿ ಬಿಡಿ, ಡೀಕಾರ್ಬನೈಸ್ ಮಾಡಿಸದೆ (ಒಳಗೆ ಕಟ್ಟಿದ ಮಸಿ ತೆಗೆಸದೆ) ಆ ಕಾಲದ ಎಂಜಿನ್ ಇಷ್ಟು ದೂರ ಬರುವುದೇ ಕಷ್ಟ. ಆದರೆ ‘ಒಂದು ಬೋಲ್ಟ್ ಬಿಚ್ಚಿಲ್ಲ’ ಎಂಬ ಮಾತು ಅಲ್ಲಿಗೆ ಮುಗಿಯಿತು.

ಹೊಗೆ ಹೊರಹೋಗುವ ಎಗ್ಜಾಸ್ಟ್ ಮ್ಯಾನಿಫೋಲ್ಡ್ ಮೇಲೆ ಸಾಮಾನ್ಯ ಬಣ್ಣ ಉಳಿಯುವುದಿಲ್ಲ. ಬಿಸಿಗೆ ಸುಟ್ಟು ಹೋಗಿ ಕಂದು ತುಕ್ಕಿನ ಮೈ ಆಗಿರಬೇಕು. ಅಲ್ಲಿ ಸಿಲ್ವರ್ ಬಣ್ಣ ನೀಟಾಗಿ ಕೂತಿದ್ದರೆ ಕಾರು ಬಣ್ಣ ಹೊಡೆದ ಮೇಲೆ ಹೆಚ್ಚು ಓಡಿಲ್ಲ, ಅಂದರೆ ಮಾರುವುದಕ್ಕೇ ಹೊಡೆಸಿದ್ದು. ನಮ್ಮ ಕಡೆ ಎಂಜಿನ್ ಪೂರ್ತಿ ಸಿಲ್ವರ್ ಬಳಿಯುವ ರೂಢಿ ಬಹಳ ಇದೆ. ಎರಕದ ಕಬ್ಬಿಣವನ್ನೂ ಅಲ್ಯೂಮಿನಿಯಂ ಅನ್ನೂ ಒಂದೇ ಸಮ ಮಾಡಿಬಿಡುತ್ತದೆ. ಇಲ್ಲಿ ಅಯಸ್ಕಾಂತ ತೆಗೆಯಿರಿ. ಅಂಬಾಸಿಡರಿನ ಹಳೆ 1489 ಸಿಸಿ ಎಂಜಿನ್ನಿಗೆ ಬ್ಲಾಕೂ ಹೆಡ್ಡೂ ಎರಡೂ ಎರಕದ ಕಬ್ಬಿಣ. ಫಿಯಟ್ 1100, ಆಮೇಲೆ ಪದ್ಮಿನಿ ಎಂದು ಹೆಸರಾದ ಕಾರಿನ 1089 ಸಿಸಿ ಎಂಜಿನ್ನಿಗೆ ಬ್ಲಾಕ್ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಪದ್ಮಿನಿಯ ಹೆಡ್ಡಿಗೆ ಬ್ಲಾಕಿನದೇ ಬಣ್ಣ ಬಳಿದಿದ್ದರೆ ಯಾಕೆ ಬಳಿದಿರಿ ಎಂದು ಕೇಳಿ. ಬಿಸಿ ಜಾಸ್ತಿಯಾಗಿ ಬಗ್ಗಿದ, ಬಿರುಕು ಬಿಟ್ಟು ವೆಲ್ಡಿಂಗ್ ಕಂಡ ಹೆಡ್ಡನ್ನು ಬಣ್ಣದಲ್ಲಿ ಮುಚ್ಚುವವರೂ ಇದ್ದಾರೆ.

ಹಳೆ ಬಣ್ಣ ಅಡಗಿರುವ ಜಾಗ

ಮೇಲೆ ಎಷ್ಟೇ ಬಳಿದರೂ ಕೆಲವು ಮೂಲೆಗೆ ಬ್ರಷ್ ಹೋಗುವುದಿಲ್ಲ. ಡೈನಮೋ ಬ್ರಾಕೆಟ್ಟಿನ ಹಿಂದೆ, ಎಂಜಿನ್ ಮೌಂಟಿಂಗಿನ ಸಂದಿಯಲ್ಲಿ, ಸೆಲ್ಫ್ ಕೂರುವ ಜಾಗದ ಸುತ್ತ, ಚೇಂಬರಿನ ಹಿಂಬದಿಯಲ್ಲಿ ಕನ್ನಡಿ ಹಿಡಿದು ನೋಡಿ.

ನಮ್ಮ ಭಾಗದಲ್ಲಿ ಇದಕ್ಕೆ ಒಂದು ಅನುಕೂಲವೂ ಇದೆ. ನವಲಗುಂದ, ರೋಣ, ನರಗುಂದದ ಎರೆ ಮಣ್ಣಿನಲ್ಲಿ ಓಡಿದ ಜೀಪುಗಳ ಎಂಜಿನ್ ಕೆಳಗೆ ಎಣ್ಣೆ ಮತ್ತು ಮಣ್ಣು ಸೇರಿ ಕರಿ ಅಂಟು ಕಟ್ಟಿರುತ್ತದೆ. ನೋಡಲು ಹೇಸಿಗೆ. ಆದರೆ ಆ ಅಂಟಿನ ಕೆಳಗೆ ಗಾಳಿ, ನೀರು ತಾಗದೆ ಬಣ್ಣ ಚೆನ್ನಾಗಿ ಉಳಿದಿರುತ್ತದೆ. ಅಂಥದೊಂದು ಜೀಪಿನ ಚೇಂಬರ್ ಮೇಲಿನ ಮೂಲೆಯಲ್ಲಿ ಬೆರಳಗಲ ಜಾಗಕ್ಕೆ ಡೀಸೆಲ್ ಹಾಕಿ ನೆನೆಯಲು ಬಿಟ್ಟು, ಕಟ್ಟಿಗೆ ಚೂರಿನಿಂದ ಮೆಲ್ಲಗೆ ಕೆದರಿದಾಗ ಮೊದಲು ಕರಿ ಅಂಟು ಬಂತು. ಅದರ ಕೆಳಗೆ ಸಿಲ್ವರ್. ಸಿಲ್ವರ್ ಕೆಳಗೆ ಮತ್ತೆ ತೆಳುವಾದ ಎಣ್ಣೆಯ ಪದರ, ಅಂದರೆ ತೊಳೆಯದೆಯೇ ಬಳಿದಿದ್ದರು. ಆ ಎಣ್ಣೆಯ ಕೆಳಗೆ ಮಾಸಿದ ಬೂದು ಬಣ್ಣ, ನೇರ ಎರಕದ ಒರಟು ಮೈಗೆ ಅಂಟಿಕೊಂಡಿತ್ತು. ಕಬ್ಬಿಣಕ್ಕೆ ನೇರ ಅಂಟಿದ ಆ ಕೊನೆಯ ಪದರವನ್ನೇ ಹುಡುಕಬೇಕು. ನಡುವೆ ಎಣ್ಣೆಯೋ ತುಕ್ಕೋ ಇದ್ದರೆ ಮೇಲಿನದು ಆಮೇಲಿನ ಬಣ್ಣ.

ಹೊಸ ಬ್ಲೇಡ್, ಉಪ್ಪುಕಾಗದ ಉಪಯೋಗಿಸಬೇಡಿ. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಉಜ್ಜಿ ಪುಡಿ ಎಬ್ಬಿಸಿದರೆ ಅದು ಮೂಗಿಗೆ ಹೋಗುತ್ತದೆ. ಒದ್ದೆ ಮಾಡಿ ಕೆದರಿ, ಆಮೇಲೆ ಕೈ ತೊಳೆದುಕೊಳ್ಳಿ.

ಸಿಕ್ಕ ಬಣ್ಣ ಕಂಪನಿಯದೇ ಎಂದು ಹೇಗೆ ಹೇಳುವುದು? ‘ಅಂಬಾಸಿಡರಿಗೆ ಇಂಥದೇ ಬಣ್ಣ’ ಎಂದು ಒಂದೇ ಮಾತಲ್ಲಿ ಹೇಳುವವರನ್ನು ನಾನು ನಂಬುವುದಿಲ್ಲ. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ 2014ರವರೆಗೆ ತಯಾರಾಯಿತು. ಅಷ್ಟು ದೀರ್ಘ ಕಾಲ ಒಂದೇ ಡಬ್ಬಿ ಬಣ್ಣ ಯಾರೂ ಹೊಡೆಯುವುದಿಲ್ಲ. ಅದೇ ವರ್ಷದ, ಬಣ್ಣ ಹೊಡೆಸದ ಇನ್ನೊಂದು ಕಾರಿನ ಅದೇ ಮೂಲೆಯನ್ನು ನೋಡಿ ಹೋಲಿಸಿ. ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಹಳೆ ಗ್ಯಾರೇಜುಗಳ ಹಿಂದೆ, ಗುಜರಿ ಅಂಗಡಿಗಳಲ್ಲಿ ಬಿಚ್ಚಿ ಹಾಕಿದ ಎಂಜಿನ್ನುಗಳನ್ನು ಹೋಗಿ ನೋಡುವುದು ಒಳ್ಳೆ ಪಾಠ. ಅಲ್ಲಿ ಯಾರೂ ಮಾರಲೆಂದು ಬಣ್ಣ ಬಳಿದಿರುವುದಿಲ್ಲ.

ಥಿನ್ನರ್ ಪರೀಕ್ಷೆ

ಮಾಲೀಕರನ್ನು ಕೇಳಿಯೇ ಮಾಡಿ, ಕಾಣದ ಜಾಗದಲ್ಲಿ ಮಾಡಿ. ಹತ್ತಿಗೆ ಥಿನ್ನರ್ ಅದ್ದಿ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಬಣ್ಣ ತಕ್ಷಣ ಕರಗಿ ಹತ್ತಿಗೆ ಬಂದರೆ ಅದು ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣ ಅಥವಾ ಡಬ್ಬಿಯ ಸ್ಪ್ರೇ. ನಿಧಾನವಾಗಿ ಮೆತ್ತಗಾಗಿ ಸುಕ್ಕುಗಟ್ಟಿದರೆ ಎನಾಮಲ್. ಏನೂ ಆಗದಿದ್ದರೆ ಈಗಿನ ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಬಣ್ಣ ಇರಬಹುದು, ಇಲ್ಲವೇ ಒಲೆಯಲ್ಲಿ ಕಾಯಿಸಿದ ಎನಾಮಲ್.

ಈ ಪರೀಕ್ಷೆಗೆ ಜನ ಕೊಡುವ ಬೆಲೆ ಸ್ವಲ್ಪ ಜಾಸ್ತಿಯೇ ಆಯಿತು. ಪಿಯು ಎಂದು ಖಚಿತವಾದರೆ 1960ರ ದಶಕದ ಕಾರ್ಖಾನೆ ಬಣ್ಣ ಅಲ್ಲ ಎಂದು ಹೇಳಬಹುದು. ಕರಗಿದರೆ ಏನೂ ಸಾಬೀತಾಗುವುದಿಲ್ಲ. ಹೋದ ವಾರ ಹೊಡೆದ ಸ್ಪ್ರೇ ಕೂಡ ಹಾಗೇ ಕರಗುತ್ತದೆ.

ಬೋಲ್ಟು, ನಟ್ಟು, ಪಾನಾ

ಇದು ನನಗೆ ಬಣ್ಣಕ್ಕಿಂತ ಹೆಚ್ಚು ನಂಬಿಕೆ ಇರುವ ಸಾಕ್ಷಿ. ಬಣ್ಣ ಬಳಿಯುವುದು ಸುಲಭ. ಹತ್ತಾರು ಬೋಲ್ಟುಗಳನ್ನು ಆ ಕಾಲದ್ದೇ ಹುಡುಕಿ ಹಾಕುವ ತಾಳ್ಮೆ ಯಾರಿಗಿದೆ?

ಅಂಬಾಸಿಡರಿನ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಎಂಜಿನ್ ಇಂಗ್ಲೆಂಡಿನ ವಿನ್ಯಾಸ, ಇಂಚಿನ ಲೆಕ್ಕ. ಫಿಯಟ್ ಇಟಲಿಯದು, ಮಿಲಿಮೀಟರ್ ಲೆಕ್ಕ. ಹಳೆ ಅಂಬಾಸಿಡರಿನ ಎಂಜಿನ್ನಿನಲ್ಲಿ ತಲೆಯ ಮೇಲೆ 8.8 ಎಂದು ಬರೆದ ಬೋಲ್ಟ್ ಸಿಕ್ಕರೆ ಅದು ಮಿಲಿಮೀಟರ್ ಬೋಲ್ಟು, ಆಮೇಲೆ ಹಾಕಿದ್ದು. ಅದನ್ನು ಕೂರಿಸಲು ಬ್ಲಾಕಿನ ತೂತಿಗೆ ಹೊಸ ಟ್ಯಾಪ್ ಹೊಡೆದಿದ್ದಾರಾ ಅಂತಲೂ ನೋಡಿ. ಬರೀ ಪಾನಾ ಹಾಕಿ ನೋಡಿದರೆ ಮೋಸ ಹೋಗುತ್ತೀರಿ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಪಾನಾ ಅದಕ್ಕೆ ಸ್ವಲ್ಪ ಸಡಿಲವಾಗಿ ಕೂತೇಬಿಡುತ್ತದೆ. ಎಷ್ಟೋ ಅಂಬಾಸಿಡರುಗಳಲ್ಲಿ ಬೋಲ್ಟಿನ ತಲೆ ಉರುಟಾಗಿರುವುದಕ್ಕೆ ಇದೇ ಕಾರಣ.

ತಲೆಯ ಮೂಲೆಗಳನ್ನು ನೋಡಿ. ಪಾನಾ ತಾಗಿದ ಕಡೆ ಬಣ್ಣ ಕಿತ್ತು, ಮೂಲೆ ಸವೆದು ಲೋಹ ಕಾಣುತ್ತದೆ. ಬೋಲ್ಟಿನ ಮೇಲೂ ಸುತ್ತಲೂ ಬಣ್ಣ ಒಡೆಯದೆ ಸೇರಿಕೊಂಡಿದ್ದರೆ, ಆ ಬಣ್ಣ ಬಿದ್ದ ಮೇಲೆ ಅದನ್ನು ಬಿಚ್ಚಿಲ್ಲ. ಅದು ಯಾವ ಬಣ್ಣ ಎಂದು ನೀವು ಆಗಲೇ ಮೂಲೆಯಲ್ಲಿ ಕೆದರಿ ನೋಡಿದ್ದೀರಿ, ಎರಡನ್ನೂ ಸೇರಿಸಿ ಓದಿ. ಹಳೆ ಬಣ್ಣವೇ ಬೋಲ್ಟನ್ನು ಮುಚ್ಚಿದ್ದರೆ ಒಳ್ಳೆಯ ಸುದ್ದಿ. ಪಾನಾದ ಗಾಯದ ಮೇಲೆಯೇ ಬಣ್ಣ ಕೂತಿದ್ದರೆ ಬಿಚ್ಚಿ, ಸವೆಸಿ, ಆಮೇಲೆ ಬಳಿದಿದ್ದಾರೆ.

ಎರಡನೇ ಮಹಾಯುದ್ಧದ ಮಿಲಿಟರಿ ಜೀಪು ಸಿಕ್ಕರೆ ಇದೇ ಕೆಲಸ ಇನ್ನೂ ಮಜಾ. ಆ ಜೀಪನ್ನು ವಿಲ್ಲಿಸ್ ಮತ್ತು ಫೋರ್ಡ್ ಇಬ್ಬರೂ ತಯಾರಿಸಿದರು. ಫೋರ್ಡ್ ತನ್ನ ಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ‘ಎಫ್’ ಅಕ್ಷರ ಒತ್ತುತ್ತಿತ್ತು. ಫೋರ್ಡ್ ಜೀಪು ಎಂದು ಹೇಳಿದ ಗಾಡಿಯಲ್ಲಿ ಒಂದೂ ಎಫ್ ಸಿಗದಿದ್ದರೆ ಎಂಜಿನ್ ಎಲ್ಲಿಂದಲೋ ಬಂದದ್ದು. ಇಂಗ್ಲೆಂಡಿನಿಂದ ಬಂದ ಮಾರಿಸ್ ಕಾರುಗಳ ಎರಕದ ಭಾಗಗಳಲ್ಲಿ ‘ಮೋವಾಗ್’ (MOWOG) ಎಂಬ ಉಬ್ಬು ಅಕ್ಷರ ಹುಡುಕಿ.

ಹೆಸರು ಮತ್ತು ತಾರೀಖು

ಬಿಡಿಭಾಗದ ಮೇಲಿನ ಹೆಸರು ತಾನೇ ಕಾಲ ಹೇಳುತ್ತದೆ. ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿತು. 1975ರ ಕಾರಿನ ‘ಜೊತೆಗೇ ಬಂದ’ ಭಾಗದ ಮೇಲೆ ಬಾಷ್ ಲಿಮಿಟೆಡ್ ಎಂದಿದ್ದರೆ ನಕ್ಕು ಮುಂದೆ ಹೋಗಿ. ಲುಕಾಸ್-ಟಿವಿಎಸ್ ಹುಟ್ಟಿದ್ದು 1960ರ ದಶಕದ ಆರಂಭದಲ್ಲಿ. 1958ರ ಕಾರಿನ ಡೈನಮೋ ಮೇಲೆ ಆ ಹೆಸರಿದ್ದರೆ ಅದು ಬದಲಿಸಿದ್ದು, ಮೇಡ್ ಇನ್ ಇಂಗ್ಲೆಂಡ್ ಲುಕಾಸ್ ಇದ್ದರೆ ಕಾಲ ಹೊಂದುತ್ತದೆ. ಇಂಗ್ಲಿಷ್ ಲುಕಾಸಿನ ಡೈನಮೋ, ಸೆಲ್ಫ್, ಡಿಸ್ಟ್ರಿಬ್ಯೂಟರ್ ಮೈಮೇಲೆ ಭಾಗದ ನಂಬರಿನ ಹತ್ತಿರ ತಯಾರಿ ಕಾಲದ ಸಣ್ಣ ಅಂಕಿಯೂ ಇರುತ್ತದೆ, ಕೊನೆಯ ಎರಡು ಅಂಕಿ ವರ್ಷ. ಸೀಮೆಎಣ್ಣೆ ಬ್ರಷ್ಷಿನಿಂದ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಓದಲು ಬರುತ್ತದೆ.

ಲೆಕ್ಕ ಸುಲಭ. ಭಾಗ ಕಾರಿಗಿಂತ ಸ್ವಲ್ಪ ಮುಂಚೆ ತಯಾರಾಗಿರಬೇಕು. ಕೆಲವು ತಿಂಗಳು ಮುಂಚೆ ಇದ್ದರೆ ಸರಿ. ಕಾರಿಗಿಂತ ಆಮೇಲಿನದಾದರೆ ಬದಲಿ. ಬಹಳ ವರ್ಷ ಮುಂಚಿನದಾದರೂ ಬದಲಿಯೇ, ಹಳೇ ಕಾರಿನಿಂದ ಕಿತ್ತು ಹಾಕಿದ್ದು.

ಡೈನಮೋ ಇರಬೇಕಾದ ಜಾಗದಲ್ಲಿ ಅದಕ್ಕಿಂತ ಹೆಚ್ಚು ಕರೆಂಟ್ ಕೊಡುವ ಆಲ್ಟರ್ನೇಟರ್ ಇದ್ದರೆ ಕೋಪ ಮಾಡಿಕೊಳ್ಳಬೇಡಿ, ರಾತ್ರಿ ಹೆಡ್‌ಲೈಟ್ ಬೇಕಲ್ಲ. ಹಳೆ ಡೈನಮೋ, ಅದರ ಚಾರ್ಜಿಂಗ್ ನಿಯಂತ್ರಿಸುವ ಕಟ್‌ಔಟ್ ಪೆಟ್ಟಿಗೆ ಮನೆಯಲ್ಲಿ ಇಟ್ಟಿದ್ದಾರಾ ಎಂದು ಕೇಳಿ. ಇಟ್ಟಿದ್ದರೆ ಅದನ್ನೂ ವ್ಯಾಪಾರದಲ್ಲಿ ಸೇರಿಸಿ.

ಡೀಸೆಲ್ ಮಾಡಿಸಿದ ಗುರುತು

ನಮ್ಮ ಭಾಗದಲ್ಲಿ ಇದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಬಾಡಿಗೆಗೆ ಓಡಿದ ಅಂಬಾಸಿಡರುಗಳಿಗೆ ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸುವುದು, ಪೆಟ್ರೋಲ್ ಜೀಪನ್ನು ಡೀಸೆಲ್ ಮಾಡುವುದು ಒಂದು ಕಾಲದಲ್ಲಿ ಮಾಮೂಲಿ ಕೆಲಸ. ಈಗ ಹಳೆ ಕಾರಿಗೆ ಬೆಲೆ ಬಂದ ಮೇಲೆ ಎಲ್ಲಿಂದಲೋ ಪೆಟ್ರೋಲ್ ಎಂಜಿನ್ ತಂದು ವಾಪಸ್ ಕೂರಿಸುತ್ತಾರೆ. ಎಂಜಿನ್ ನೋಡಿದರೆ ಸರಿಯೇ ಇರುತ್ತದೆ. ಅದಕ್ಕೇ ಎಂಜಿನ್ ಬಿಟ್ಟು ಅದು ಕೂತ ಜಾಗ ನೋಡಿ. ಮೌಂಟಿಂಗ್ ಬ್ರಾಕೆಟ್ಟಿನ ಹತ್ತಿರ ಗ್ಯಾಸ್ ಕಟಿಂಗ್ ಗುರುತು, ಕೈವೆಲ್ಡಿಂಗ್ ಗಂಟು, ತುಂಬಿದ ಹಳೆ ತೂತು, ಡ್ಯಾಶ್‌ಬೋರ್ಡಿನಲ್ಲಿ ಹೀಟರ್ ಸ್ವಿಚ್ಚಿಗೆ (ಡೀಸೆಲ್ ಎಂಜಿನ್ ಚಾಲೂ ಮಾಡುವ ಮುಂಚೆ ಬಿಸಿ ಮಾಡುವುದಕ್ಕೆ) ಕೊರೆದ ತೂತು ಹುಡುಕಿ. ಆರ್‌ಸಿಯ ಇಂಧನದ ಕಾಲಂ ಜೊತೆಗೆ ಹೋಲಿಸಿ. ಎಂಜಿನ್ ಬದಲಿಸಿದರೆ ಆರ್‌ಟಿಓದಲ್ಲಿ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಎಷ್ಟೋ ಜನ ಬರೆಸಿರುವುದಿಲ್ಲ, ಆ ತಲೆನೋವು ಕೊಂಡವರಿಗೆ ಬರುತ್ತದೆ.

ನಂಬರ್

ಎಂಜಿನ್ ನಂಬರ್ ಬ್ಲಾಕಿನ ಮೇಲೆಯೇ ಒತ್ತಿರಬಹುದು, ಇಲ್ಲವೇ ಬ್ಲಾಕಿಗೆ ರಿವೆಟ್ ಹೊಡೆದ ತಗಡಿನ ಮೇಲಿರಬಹುದು. ಬ್ಲಾಕಿನ ಮೇಲಿದ್ದರೆ ಅಂಕಿಗಳ ಸುತ್ತಲಿನ ಮೈ ನೋಡಿ. ಕಾರ್ಖಾನೆಯ ಯಂತ್ರ ಕೆತ್ತಿದ ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಇರುತ್ತವೆ. ಗ್ರೈಂಡರ್ ಹೊಡೆದಿದ್ದರೆ ಗೆರೆ ಅಡ್ಡಾದಿಡ್ಡಿ ಆಗಿ, ಆ ಜಾಗ ಪಕ್ಕಕ್ಕಿಂತ ಸ್ವಲ್ಪ ತಗ್ಗಾಗಿರುತ್ತದೆ. ತಗಡಾದರೆ ರಿವೆಟ್ ನೋಡಿ. ನಡುವೆ ತೂತಿರುವ ಪಾಪ್ ರಿವೆಟ್ ಇದ್ದರೆ ತಗಡನ್ನು ಒಮ್ಮೆ ಕಿತ್ತು ಮತ್ತೆ ಹಾಕಿರುವ ಸಾಧ್ಯತೆ ಜಾಸ್ತಿ. ಆರ್‌ಟಿಓದವರು ಮಾಡುವ ಹಾಗೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಕಣ್ಣಿಗೆ ಕಾಣದ ಹಳೆ ಅಂಕಿಯ ನೆರಳು ಕಾಗದದಲ್ಲಿ ಮೂಡುವುದುಂಟು. ನಂಬರ್ ಬಗ್ಗೆ ಅನುಮಾನ ಬಂದರೆ ಅಲ್ಲಿಗೇ ನಿಲ್ಲಿಸಿ. ಬೇರೆ ಏನೇ ತಪ್ಪಿದ್ದರೂ ಬೆಲೆ ಇಳಿಸಿ ಕೊಳ್ಳಬಹುದು, ತಿದ್ದಿದ ನಂಬರಿನ ಕಾರು ಬೇಡವೇ ಬೇಡ.

2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿತು. 50 ವರ್ಷ ದಾಟಿದ, ವ್ಯಾಪಾರಕ್ಕೆ ಬಳಸದ ಎರಡು ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಎ’ ಸರಣಿಯ ನಂಬರ್ ಕೊಡುತ್ತಾರೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಷರತ್ತು ಏನೆಂದರೆ ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಮೆಟಡಾರ್ ಎಂಜಿನ್ನಿನ ಅಂಬಾಸಿಡರ್ ಕೊಳ್ಳುವ ಮುಂಚೆ ಇದು ನೆನಪಿರಲಿ.

ಕೊಂಡ ಮೇಲೆ

ಹಳೆ ಬಣ್ಣ ಅರ್ಧದಷ್ಟು ಉಳಿದಿದ್ದರೂ ನನ್ನ ಸಲಹೆ, ಮತ್ತೆ ಬಳಿಸಬೇಡಿ. ಮಾಸಿದ ಕಂಪನಿ ಬಣ್ಣದ ಮುಂದೆ ಹೊಸ ಬಣ್ಣಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಸೀಮೆಎಣ್ಣೆ ಮತ್ತು ಮೆತ್ತನೆ ಬ್ರಷ್ಷಿನಿಂದ ಅಂಟು ತೆಗೆಸಿ, ಬಟ್ಟೆಯಲ್ಲಿ ಒರೆಸಿ, ಬೋಳು ಕಬ್ಬಿಣಕ್ಕೆ ತೆಳುವಾಗಿ ಎಣ್ಣೆ ಸವರಿ. ಓವರ್‌ಹಾಲ್ ಮಾಡಿಸಲೇಬೇಕಾದರೆ ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ. ಬಿಚ್ಚಿದ ಬೋಲ್ಟುಗಳನ್ನು ಗುಜರಿಗೆ ಹಾಕಬೇಡಿ ಎಂದು ಮಿಸ್ತ್ರಿಗೆ ಎರಡು ಸಲ ಹೇಳಿ. ಬೋರಿಂಗಿಗೆ ಲೇಥ್ ಅಂಗಡಿಗೆ ಕಳಿಸುವಾಗ ಬ್ಲಾಕನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಬೇಡಿ ಅಂತಲೂ ಹೇಳಿಬಿಡಿ. ಅದು ಬಣ್ಣವನ್ನು ಪೂರ್ತಿ ತೆಗೆಯುತ್ತದೆ. ಫಿಯಟ್ಟಿನ ಅಲ್ಯೂಮಿನಿಯಂ ಹೆಡ್ ಅದರಲ್ಲಿ ಬಿದ್ದರಂತೂ ಲೋಹವನ್ನೇ ತಿಂದುಹಾಕುತ್ತದೆ.